ನಿಮಗಿದು ಗೊತ್ತೇ? ಉಕ್ಕಿನ ಒಳಗುಟ್ಟು ಕೇಳುವ ಎರಡು ಮಿಲಿಮೀಟರ್ ತೂತು

ವರದಮೂಲದಲ್ಲಿ ಹುಟ್ಟುವ ವರದೆ ಪೂರ್ವದ ಬಯಲಿನ ಕಡೆ ತಿರುಗಿ, ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ಹಾದು ಪಶ್ಚಿಮಕ್ಕೆ ಧುಮುಕುತ್ತಾಳೆ. ವರದೆಯ ಪಾಲಿಗೆ ಗದ್ದೆ-ತೋಟ ಬಂತು, ಶರಾವತಿಯ ಪಾಲಿಗೆ ಅಣೆಕಟ್ಟೆ ಮತ್ತು ಉಕ್ಕಿನ ಕೊಳವೆ. ಈ ಸಲದ ಅಂಕಣ ಆ ಉಕ್ಕಿನೊಳಗೆ ಯಾರ ಕಣ್ಣಿಗೂ ಬೀಳದೆ ಕೂತಿರುವ ಬಿಗಿತದ ಬಗ್ಗೆ, ಒಂದು ಸಣ್ಣ ತೂತು ಕೊರೆದು ಅದನ್ನು ಅಳೆಯುವ ವಿದ್ಯೆಯ ಬಗ್ಗೆ.

ಯಾವ ಭಾರವನ್ನೂ ಹೊರದೆ ಸುಮ್ಮನೆ ಬಿದ್ದಿರುವ ಕಬ್ಬಿಣದ ತುಂಡಿನೊಳಗೂ ಎಳೆದಾಟ ನಡೆಯುತ್ತಿರುತ್ತದೆ ಎಂಬುದು ನಿಮಗೆ ಗೊತ್ತೇ? ಹಗ್ಗ ಹೆಣೆದ ಮಂಚವನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಯಾರೂ ಮಲಗಿರದಿದ್ದರೂ ಹಗ್ಗ ಬಿಗಿಯಾಗಿ ಎಳೆದುಕೊಂಡಿರುತ್ತದೆ, ಚೌಕಟ್ಟು ಒತ್ತಿಸಿಕೊಂಡಿರುತ್ತದೆ. ಎರಡೂ ಸಮವಾಗಿರುವುದರಿಂದ ಹೊರಗಿನಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಹಗ್ಗ ಕತ್ತರಿಸಿದರೆ ಮಾತ್ರ ಪಕ್ಕದ ಹಗ್ಗಗಳು ಸರಿದಾಡಿ ಗುಟ್ಟು ಬಯಲಾಗುತ್ತದೆ. ಎಂಜಿನಿಯರುಗಳು ಇದನ್ನು ರೆಸಿಡ್ಯುಯಲ್ ಸ್ಟ್ರೆಸ್ ಎನ್ನುತ್ತಾರೆ. ಇಲ್ಲಿ ಒಳಬಿಗಿತ ಎನ್ನೋಣ.

ಒಳಬಿಗಿತವನ್ನು ನೇರವಾಗಿ ತೋರಿಸುವ ಮೀಟರು ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದರಿಂದಾಗುವ ಹಿಗ್ಗು-ಕುಗ್ಗನ್ನು ಅಳೆದು, ಲೆಕ್ಕ ಹಾಕಿ ಕಂಡುಕೊಳ್ಳಬೇಕು.

ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರಗಳಿವೆ, ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ನೀರು ಸುಮಾರು 440 ಮೀಟರ್ ಎತ್ತರದಿಂದ ಪೆನ್‌ಸ್ಟಾಕ್ ಕೊಳವೆಗಳಲ್ಲಿ ಇಳಿಯುತ್ತದೆ. ಅಷ್ಟು ಎತ್ತರದ ನೀರು ಕೊಳವೆಯ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 44 ಕಿಲೋ ಭಾರದಷ್ಟು ಒತ್ತುತ್ತದೆ. ಈ ಲೆಕ್ಕ ವಿನ್ಯಾಸಕಾರನ ಕೈಯಲ್ಲಿ ಮೊದಲೇ ಇರುತ್ತದೆ. ಆದರೆ ಉಕ್ಕಿನ ಹಾಳೆಗಳನ್ನು ವೆಲ್ಡಿಂಗ್ ಮಾಡಿದಾಗ ಬೆಸುಗೆಯ ಗೆರೆಯಲ್ಲಿ ಇನ್ನೊಂದು ಬಿಗಿತ ಸೇರಿಕೊಳ್ಳುತ್ತದೆ. ಸುಮಾರು 1,500 ಡಿಗ್ರಿಯಲ್ಲಿ ಕರಗಿದ ಲೋಹ ಆರುತ್ತಾ ಕುಗ್ಗಲು ನೋಡುತ್ತದೆ, ಅಕ್ಕಪಕ್ಕದ ತಣ್ಣನೆಯ ಉಕ್ಕು ಅದನ್ನು ಕುಗ್ಗಲು ಬಿಡುವುದಿಲ್ಲ. ಹೀಗೆ ಬೆಸುಗೆಯಲ್ಲಿ ಉಳಿಯುವ ಎಳೆತ, ಆ ಉಕ್ಕು ಬಾಗದೆ ತಡೆಯಬಲ್ಲ ಮಿತಿಯ ಹತ್ತಿರಕ್ಕೇ ಹೋಗಬಹುದು. ಕೊಳವೆಗೆ ಒಂದು ಹನಿ ನೀರು ಬಿಡುವ ಮೊದಲೇ ಇಷ್ಟಾಗಿರುತ್ತದೆ. ನೀರಿನ ಒತ್ತಡ ಇದರ ಮೇಲೆ ಬಂದು ಕೂರುತ್ತದೆ.

ದಪ್ಪ ಉಕ್ಕಿನ ಬೆಸುಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಪ್ರತಿ ಇಂಚು ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಹಿಡಿದಿಟ್ಟು, ನಿಧಾನವಾಗಿ ಆರಿಸಿದರೆ ಒಳಬಿಗಿತ ಬಹುಪಾಲು ಸಡಿಲವಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ಕೊರೆಯಲೇಬೇಕು.

ಕೊರೆಯುವುದು ಹೇಗೆ? ಇದು ಕೈಚಳಕ ಬೇಡುವ ಕೆಲಸ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಮೊದಲು ಉಕ್ಕಿನ ಮೇಲಿನ ಬಣ್ಣ, ತುಕ್ಕು ತೆಗೆದು ನುಣುಪಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜುತ್ತಾರೆ. ಅಸಿಟೋನ್ ಹಾಕಿ ಜಿಡ್ಡು ಒರೆಸುತ್ತಾರೆ. ಆಮೇಲೆ ಉಗುರಿನಷ್ಟಗಲದ ಒಂದು ತೆಳು ಪೊರೆಯನ್ನು ಅಂಟಿಸುತ್ತಾರೆ. ಅದರ ಮೇಲೆ ಹಿಗ್ಗು-ಕುಗ್ಗು ಅಳೆಯುವ ಮೂರು ಸ್ಟ್ರೈನ್ ಗೇಜುಗಳು ಒಂದು ಪುಟ್ಟ ವೃತ್ತದ ಸುತ್ತ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕೂತಿರುತ್ತವೆ. ವೃತ್ತದ ಅಡ್ಡಳತೆ ಐದು ಮಿಲಿಮೀಟರಿಗೆ ತುಸು ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊರೆಯುವ ಉಪಕರಣವನ್ನು ಆ ವೃತ್ತದ ನಟ್ಟನಡುವೆ ನಿಲ್ಲಿಸುತ್ತಾರೆ. ಇಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ, ತಲೆಗೂದಲಿನ ದಪ್ಪವೂ ಅದಕ್ಕಿಂತ ಜಾಸ್ತಿಯೇ. ಬಳಿಕ ಎರಡು ಮಿಲಿಮೀಟರ್ ಅಗಲದ ತೂತಿನ ಕೊರೆತ ಶುರು. ಒಂದೇ ಸಲಕ್ಕಲ್ಲ, 0.05 ಮಿಲಿಮೀಟರಿನ 20 ಹೆಜ್ಜೆಗಳಲ್ಲಿ ಒಂದು ಮಿಲಿಮೀಟರ್ ಆಳಕ್ಕೆ. ಪ್ರತಿ ಹೆಜ್ಜೆಗೂ ನಿಲ್ಲಿಸಿ, ಮೂರೂ ಗೇಜುಗಳ ಅಂಕಿ ಬರೆದುಕೊಳ್ಳುತ್ತಾರೆ. ತೂತು ಆಳವಾದಂತೆ ಸುತ್ತಲಿನ ಉಕ್ಕು ಒಂದಿಷ್ಟು ಸಡಿಲಗೊಂಡು ಅಲುಗುತ್ತದೆ. ಆ ಅಲುಗಾಟದಿಂದ ಬಿಗಿತ ಎಷ್ಟು, ಯಾವ ದಿಕ್ಕಿಗೆ, ಯಾವ ಆಳದಲ್ಲಿ ಎಂಬುದು ಹೊರಬರುತ್ತದೆ.

ಮೂರೇ ಗೇಜು ಏಕೆ? ಒಂದು ಸಮತಟ್ಟಾದ ಮೈಯ ಮೇಲಿನ ಬಿಗಿತವನ್ನು ಪೂರ್ತಿ ಹೇಳಲು ಮೂರು ಸಂಗತಿ ಸಾಕು: ಅತಿ ಹೆಚ್ಚಿನದು, ಅತಿ ಕಡಿಮೆಯದು, ಹೆಚ್ಚಿನದು ತಿರುಗಿರುವ ದಿಕ್ಕು. ತಿಳಿಯದವು ಮೂರು, ಆದ್ದರಿಂದ ಅಳತೆಯೂ ಮೂರು.

ಈ ತೂತು ಕೊರೆಯುವ ಯಂತ್ರ ನಿಮ್ಮ ಬಾಯಿಯನ್ನೂ ಹೊಕ್ಕಿರಬಹುದು! ಹಲ್ಲಿನ ವೈದ್ಯರು ಬಳಸುವಂಥ ಗಾಳಿ ಟರ್ಬೈನೇ ಇದು, ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು. ನಿಧಾನವಾಗಿ ತಿರುಗುವ ಸಾಮಾನ್ಯ ಡ್ರಿಲ್ ಲೋಹವನ್ನು ತಳ್ಳುತ್ತಾ, ಹಿಸುಕುತ್ತಾ ಹೋಗುತ್ತದೆ. ಆ ಹಿಸುಕುವಿಕೆಯೇ ಹೊಸ ಬಿಗಿತ ಹುಟ್ಟಿಸಿ ಅಳತೆಯನ್ನು ಕೆಡಿಸುತ್ತದೆ.

ಅದೇ ಕಾರಣಕ್ಕೆ ಅಳತೆಯ ಜಾಗವನ್ನು ಗ್ರೈಂಡರ್ ಹಾಕಿ ಉಜ್ಜುವಂತಿಲ್ಲ. ಕಿಡಿ ಹಾರಿಸುವ ಗ್ರೈಂಡರ್ ಮೇಲ್ಮೈಯಲ್ಲಿ ತನ್ನದೇ ಬಿಗಿತವನ್ನು ಬಿಟ್ಟು ಹೋಗುತ್ತದೆ. ಆಮೇಲೆ ನೀವು ಅಳೆಯುವುದು ಕೊಳವೆಯ ಕಥೆಯನ್ನಲ್ಲ, ಗ್ರೈಂಡರಿನ ಕಥೆಯನ್ನು.

ಎಷ್ಟು ಸಣ್ಣ ಅಲುಗಾಟ ಇದು? ಒಂದು ಕಿಲೋಮೀಟರ್ ಉದ್ದದ ಸಲಾಕೆ ಒಂದು ಮಿಲಿಮೀಟರ್ ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೈನ್. ತೂತಿನ ಸುತ್ತ ಸಿಗುವುದು ಇಂಥ ಕೆಲವು ಹತ್ತು, ಹೆಚ್ಚೆಂದರೆ ಕೆಲವು ನೂರು. ಇನ್ನೊಂದು ಕಡೆ ಉಕ್ಕು ಒಂದೇ ಒಂದು ಡಿಗ್ರಿ ಬಿಸಿಯಾದರೂ ಸುಮಾರು 12 ಮೈಕ್ರೋಸ್ಟ್ರೈನ್ ಹಿಗ್ಗುತ್ತದೆ. ಮೋಡ ಸರಿದು ಕೊಳವೆಯ ಮೇಲೆ ಬಿಸಿಲು ಬಿದ್ದರೆ ಸಾಕು, ಅಂಕಿ ಓಡತೊಡಗುತ್ತದೆ. ಬಿಸಿಗೆ ಉಕ್ಕಿನ ಜೊತೆಗೇ ಹಿಗ್ಗುವಂಥ ಗೇಜುಗಳು ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತವೆ. ಆದರೂ ಪ್ರತಿ ಹೆಜ್ಜೆ ಕೊರೆದ ಮೇಲೆ ಬಿಸಿ ಆರುವವರೆಗೆ ಕಾಯುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದು.

ಮಲೆನಾಡಿನ ಮಳೆಗಾಲ ಈ ಗೇಜುಗಳಿಗೆ ಶತ್ರು. ಅಂಟು ಹಿಡಿಯಲು ಒಣಗಿದ ಮೈ ಬೇಕು, ತಂತಿಯಿಂದ ಲೋಹಕ್ಕೆ ವಿದ್ಯುತ್ ಸೋರಬಾರದು. ತೇವ ಒಳಸೇರಿದರೆ ಎರಡೂ ಕೆಡುತ್ತವೆ. ಮೇಲೆ ಮೇಣವನ್ನೋ ರಬ್ಬರಿನಂಥ ಲೇಪವನ್ನೋ ಹಚ್ಚಿ ಕಾಪಾಡಬೇಕು.

ಸ್ಟ್ರೈನ್ ಗೇಜಿನ ಮೂಲ ಭೂಕಂಪದ ಅಧ್ಯಯನದಲ್ಲಿದೆ! ತಂತಿಯನ್ನು ಎಳೆದರೆ ಅದರ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ ಎಂದು ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಅದನ್ನು ಅಂಟಿಸಿ ಬಳಸುವ ಉಪಕರಣವಾಗಿ ಮಾಡಿದ್ದು 1938ರಲ್ಲಿ, ಅಮೆರಿಕದ ಎರಡು ಕಡೆ, ಒಬ್ಬರಿಗೊಬ್ಬರು ತಿಳಿಯದೆ: ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್. ರೂಜ್ ಆಗ ಎತ್ತರದ ನೀರಿನ ಟ್ಯಾಂಕುಗಳು ಭೂಕಂಪದಲ್ಲಿ ಹೇಗೆ ತಡೆದುಕೊಳ್ಳುತ್ತವೆ ಎಂದು ಮಾದರಿ ಟ್ಯಾಂಕುಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದರು. ತೆಳು ತಗಡಿನ ಬಿಗಿತ ಅಳೆಯಲು ಆಗಿನ ಯಾವ ಉಪಕರಣವೂ ಒದಗದೆ ಹೊಸದನ್ನೇ ಮಾಡಿದರು.

ಅದಕ್ಕೂ ಮೊದಲೇ, 1930ರ ದಶಕದ ಆರಂಭದಲ್ಲಿ, ಜರ್ಮನಿಯ ಆಖೆನ್ ನಗರದ ಜೋಸೆಫ್ ಮಾಥರ್ ತೂತು ಕೊರೆದು ಒಳಬಿಗಿತ ಅಳೆಯುವ ದಾರಿ ತೋರಿಸಿದ್ದರು. ಅವರ ಬಳಿ ಇದ್ದದ್ದು ಯಾಂತ್ರಿಕ ಅಳತೆಗೋಲು ಮಾತ್ರ. ಅವರ ಲೆಕ್ಕದ ತಳಪಾಯ ಇನ್ನೂ ಹಳೆಯದು. ತೂತಿರುವ ಹಲಗೆಯನ್ನು ಎಳೆದಾಗ ತೂತಿನ ಅಂಚಿನಲ್ಲಿ ಬಿಗಿತ ಮೂರು ಪಟ್ಟಾಗುತ್ತದೆ ಎಂದು ಕಿರ್ಷ್ 1898ರಲ್ಲಿ ಗಣಿತದಿಂದ ತೋರಿಸಿದ್ದರು. ಈ ಮೂರು ಪಟ್ಟು ಇಂದಿಗೂ ತೊಡಕು ತರುತ್ತದೆ: ಒಳಬಿಗಿತ ಮೊದಲೇ ಜಾಸ್ತಿಯಿದ್ದರೆ ತೂತಿನ ಅಂಚು ಮಿತಿ ಮೀರಿ ಜಗ್ಗಿಹೋಗಿ, ಅಳತೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಈ ವಿಧಾನಕ್ಕೆ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆಯ ಶಿಸ್ತಿನ ನಿಯಮಾವಳಿ ಬಂದದ್ದು 1981ರಲ್ಲಿ.

ಮರಕ್ಕೂ ಒಳಬಿಗಿತ ಇದೆ, ಅದೂ ನಿಂತ ಮರಕ್ಕೆ! ನಮ್ಮ ಕಡೆ ಮರ ಕೊಯ್ಯುವವರು ಇದನ್ನು ಪುಸ್ತಕ ಓದದೆಯೇ ಬಲ್ಲರು. ಹಸಿ ದಿಮ್ಮಿಯನ್ನು ಉದ್ದಕ್ಕೆ ಕೊಯ್ಯುತ್ತಿದ್ದಂತೆ ಗರಗಸ ಕಚ್ಚಿಕೊಳ್ಳುತ್ತದೆ, ಹಿಂದಿನಿಂದ ಬೆಣೆ ಹೊಡೆಯಬೇಕು. ಕೆಲವು ದಿಮ್ಮಿಗಳಲ್ಲಿ ಇದರ ತದ್ವಿರುದ್ಧ: ಕೊಯ್ದ ಎರಡು ಹೋಳೂ ಬೆನ್ನು ತಿರುಗಿಸಿ ಹೊರಕ್ಕೆ ಬಾಗುತ್ತವೆ. ಕಡಿದು ಬೀಳಿಸಿದ ನೀಲಗಿರಿಯ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಸೀಳು ಬಿಡುವುದನ್ನು ನೀವೂ ನೋಡಿರುತ್ತೀರಿ. ಮರ ಪ್ರತಿ ವರ್ಷ ತೊಗಟೆಯ ಒಳಬದಿಗೆ ಹೊಸ ಪದರ ಕಟ್ಟುತ್ತದೆ. ಆ ಪದರದ ಜೀವಕೋಶಗಳು ಬಲಿಯುವಾಗ ಉದ್ದದಲ್ಲಿ ಕುಗ್ಗಲು ಹವಣಿಸುತ್ತವೆ, ಒಳಗಿನ ಹಳೆಯ ಮರ ಬಿಡುವುದಿಲ್ಲ. ವರ್ಷದಿಂದ ವರ್ಷಕ್ಕೆ ಹೊರಮೈ ಎಳೆತದಲ್ಲೂ ತಿರುಳು ಒತ್ತಡದಲ್ಲೂ ಬೆಳೆಯುತ್ತಾ ಹೋಗುತ್ತವೆ. ಈ ಬಿಗಿತ ಮರಕ್ಕೆ ವರ. ಗಾಳಿಗೆ ಬಾಗಿದಾಗ ಒತ್ತಿಸಿಕೊಳ್ಳುವ ಬದಿ ನಲುಗಿಹೋಗದಂತೆ ಮೊದಲೇ ಇರುವ ಎಳೆತ ಕಾಯುತ್ತದೆ. ಹಸಿ ಮರ ಒತ್ತಡಕ್ಕಿಂತ ಎಳೆತವನ್ನು ಚೆನ್ನಾಗಿ ತಾಳುತ್ತದಲ್ಲ. ಕಷ್ಟವೆಲ್ಲ ಅದನ್ನು ಹಲಗೆ ಮಾಡಹೊರಟವರಿಗೆ.

ಇದನ್ನು ಅಳೆಯುವುದೂ ತೂತು ಕೊರೆದೇ. ಫ್ರಾನ್ಸಿನ ಸಿರಾಡ್ ಸಂಸ್ಥೆಯವರು ರೂಪಿಸಿದ ವಿಧಾನದಲ್ಲಿ ನಿಂತ ಮರದ ತೊಗಟೆ ಕೆತ್ತಿ, ಮೇಲೊಂದು ಕೆಳಗೊಂದು ಮೊಳೆಯನ್ನು 45 ಮಿಲಿಮೀಟರ್ ಅಂತರದಲ್ಲಿ ಹೊಡೆಯುತ್ತಾರೆ. ನಡುವೆ 20 ಮಿಲಿಮೀಟರಿನ ತೂತು ಕೊರೆದಾಗ ಮೊಳೆಗಳು ಒಂದರಿಂದೊಂದು ತುಸು ದೂರ ಸರಿಯುತ್ತವೆ. ಡಯಲ್ ಗೇಜಿನಲ್ಲಿ ಕಾಣುವ ಆ ಸರಿತವೇ ಮರದ ಬಿಗಿತದ ಅಳತೆ. ಮರ ಸಾಯುವುದಿಲ್ಲ, ಗಾಯ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನೀಲಗಿರಿ ತಳಿಗಳ ಬೆಳವಣಿಗೆಯ ಬಿಗಿತದ ಮೇಲೆ ಅಧ್ಯಯನ ನಡೆಸಿದೆ. ಶಿವಮೊಗ್ಗ ಜಿಲ್ಲೆಯಲ್ಲಿ ಇಷ್ಟೊಂದು ನೀಲಗಿರಿ, ಅಕೇಶಿಯ ನೆಟ್ಟ ಮೇಲೆ, ಯಾವ ಮರ ಹಲಗೆಗೆ ಒದಗುತ್ತದೆ, ಯಾವುದು ಬರೀ ಸೌದೆಗೆ ಎಂಬುದನ್ನು ಕಡಿಯುವ ಮೊದಲೇ ತಿಳಿದುಕೊಳ್ಳುವುದು ನಮಗೆ ಬೇಕಾದ ಜ್ಞಾನ.

ಮಳೆಗಾಲಕ್ಕೂ ಒಳಬಿಗಿತಕ್ಕೂ ಇರುವ ನಂಟು ಮೊದಲು ಎದ್ದು ಕಂಡದ್ದು ಭಾರತದಲ್ಲೇ. ಬ್ರಿಟಿಷ್ ಸೈನ್ಯ ಇಲ್ಲಿ ಕುದುರೆ ಲಾಯಗಳ ಬಳಿ ಕೂಡಿಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲ ಕಳೆಯುವಷ್ಟರಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಬಡಿದಿರಲಿಲ್ಲ. ಉತ್ತರ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರ ಸಂಶೋಧನೆಯಿಂದ. ತಣ್ಣಗಿದ್ದಾಗಲೇ ಎಳೆದು ತಯಾರಿಸಿದ ತೋಟಾದ ಗೋಡೆಯಲ್ಲಿ ಎಳೆತ ಉಳಿದಿತ್ತು, ಕುದುರೆಯ ಗಂಜಲದಿಂದ ಹೊಮ್ಮುವ ಅಮೋನಿಯಾ ತೇವದ ಗಾಳಿಯಲ್ಲಿ ಅದರ ಮೇಲೆ ಕೆಲಸ ಮಾಡಿತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಬಿರುಕಿಲ್ಲ. ತೋಟಾಗಳನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸಿದ ಮೇಲೆ ಕಾಟ ತಪ್ಪಿತು.

ಬೆಸುಗೆ ಹಾಕಿದ ಹೊಚ್ಚಹೊಸ ಹಡಗೊಂದು ನಿಂತಲ್ಲೇ ಎರಡಾಗಲು ಹೊರಟ ಸಂಗತಿ ಗೊತ್ತೇ? 1943ರ ಜನವರಿ 16ರ ರಾತ್ರಿ, ಅಮೆರಿಕದ ಪೋರ್ಟ್‌ಲ್ಯಾಂಡಿನ ಕಟ್ಟೆಯಲ್ಲಿ, ಅಲೆಯಿಲ್ಲದ ನೀರಿನಲ್ಲಿ, ಸ್ಕೆನೆಕ್ಟಡಿ ಎಂಬ ತೈಲದ ಹಡಗು ಭಾರೀ ಸದ್ದಿನೊಂದಿಗೆ ನಡುವೆ ಸೀಳಿತು. ಚಳಿಗೆ ಗಡುಸಾಗಿ ಒಡೆಯುವ ಉಕ್ಕು, ಬೆಸುಗೆಯ ದೋಷ, ಬೆಸುಗೆಯಲ್ಲಿ ಉಳಿದ ಬಿಗಿತ ಎಲ್ಲದರ ಮೇಲೂ ಆಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆಯಿತು.

ಒಳಬಿಗಿತ ಯಾವಾಗಲೂ ಕೆಡುಕಲ್ಲ. ಮೇಲ್ಮೈ ಒತ್ತಡದಲ್ಲಿದ್ದರೆ ಬಿರುಕು ಬಾಯಿ ಬಿಡಲಾರದು. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಇದನ್ನೇ ಬೇಕೆಂದೇ ಮಾಡುತ್ತಿದೆ. ಎರಕ ಹೊಯ್ದ ಚಕ್ರವನ್ನು ಮತ್ತೆ ಕಾಯಿಸಿ, ಅಂಚಿಗೆ ಮಾತ್ರ ನೀರು ಚಿಮ್ಮಿಸಿ ತಣಿಸುತ್ತಾರೆ. ಮೊದಲು ಗಟ್ಟಿಯಾದ ಅಂಚನ್ನು ಆಮೇಲೆ ಆರುವ ಒಳಭಾಗ ತನ್ನತ್ತ ಎಳೆದುಕೊಳ್ಳುತ್ತದೆ, ಅಂಚು ಸುತ್ತಲೂ ಒತ್ತಡದಲ್ಲಿ ಉಳಿಯುತ್ತದೆ. ಚಕ್ರದ ಅಂಚನ್ನು ಒಂದು ಕಡೆ ಗರಗಸದಿಂದ ಸೀಳಿದರೆ ಸೀಳು ಮುಚ್ಚಿಕೊಳ್ಳಲು ನೋಡಬೇಕು. ತೆರೆದುಕೊಂಡರೆ ಆ ಚಕ್ರ ಅಪಾಯದ್ದು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂಥ ಇಳಿಜಾರಿನಲ್ಲಿ ಗೂಡ್ಸ್ ರೈಲಿನ ಬ್ರೇಕ್ ಚಕ್ರದ ಮೈಗೆ ಉಜ್ಜಿ ವಿಪರೀತ ಕಾಯಿಸಿದರೆ, ಒತ್ತಡವೇ ಎಳೆತವಾಗಿ ತಿರುಗಿಬಿಡುವ ಸಾಧ್ಯತೆಯೂ ಇದೆ. 2011ರಲ್ಲಿ ಬ್ರಾಡ್‌ಗೇಜ್ ಆದ ತಾಳಗುಪ್ಪದ ಹಳಿಯ ಮೇಲೆ ಉರುಳುವ ಚಕ್ರಗಳಿಗೂ ಇದೇ ಶಾಸ್ತ್ರ.

ಕರಗಿದ ಗಾಜಿನ ತೊಟ್ಟನ್ನು ತಣ್ಣೀರಿಗೆ ಬೀಳಿಸಿದರೆ ಬಾಲವಿರುವ ಗಾಜಿನ ಹನಿ ಸಿಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯುವುದಿಲ್ಲ, ಬಾಲ ಮುರಿದರೆ ಇಡೀ ಹನಿ ಪುಡಿಪುಡಿ. ಬಿರುಕು ಸೆಕೆಂಡಿಗೆ 1,450ರಿಂದ 1,900 ಮೀಟರ್ ವೇಗದಲ್ಲಿ ಓಡುತ್ತದೆ. ತಲೆಯ ಹೊರಮೈಯಲ್ಲಿ ಸುಮಾರು 700 ಮೆಗಾಪಾಸ್ಕಲ್ ಒತ್ತಡ ಇದೆ ಎಂದು 2016ರಲ್ಲಿ ಲೆಕ್ಕ ಸಿಕ್ಕಿತು. ಅದನ್ನು ಕಂಡುಕೊಂಡವರಲ್ಲಿ ಒಬ್ಬರು ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್.

ಗಾಜಿನ ಹನಿಗೆ ತೂತು ಕೊರೆಯುವಂತಿಲ್ಲ. ಕಾರಿನ ಬದಿಯ ಟಫನ್ಡ್ ಗಾಜಿಗೂ ಇಲ್ಲ, ಕೊರೆದರೆ ಕಾಳುಕಾಳಾಗಿ ಉದುರುತ್ತದೆ. ಅಲ್ಲಿ ಬೆಳಕೇ ಸಾಧನ. ಪೋಲರಾಯ್ಡ್ ಕನ್ನಡಕ ಹಾಕಿ ಕಾರಿನ ಹಿಂದಿನ ಗಾಜು ನೋಡಿ, ಸಾಲು ಸಾಲು ಮಚ್ಚೆ ಕಾಣುತ್ತದೆ. ಅದು ಕೊಳೆಯಲ್ಲ, ಗಾಜನ್ನು ತಣಿಸಿದ ಗಾಳಿಯ ನಳಿಕೆಗಳು ಬಿಟ್ಟ ಬಿಗಿತದ ನಕ್ಷೆ.

1928ರ ಫೆಬ್ರವರಿ 28ರಂದು ಕಂಡ ರಾಮನ್ ಪರಿಣಾಮವೂ ಇಂದು ಒಳಬಿಗಿತ ಅಳೆಯುತ್ತದೆ. ಬಿಗಿತವಿಲ್ಲದ ಸಿಲಿಕಾನಿನಿಂದ ಚದುರಿದ ಬೆಳಕು 520 ಎಂಬ ತರಂಗಸಂಖ್ಯೆಯ ಬಳಿ ಒಂದು ಶಿಖರ ತೋರಿಸುತ್ತದೆ. ಒತ್ತಡ ಬಿದ್ದರೆ ಶಿಖರ ಮೇಲಕ್ಕೆ, ಎಳೆತ ಬಿದ್ದರೆ ಕೆಳಕ್ಕೆ ಸರಿಯುತ್ತದೆ. ನಿಮ್ಮ ಫೋನಿನೊಳಗಿನಂಥ ಚಿಪ್ಪುಗಳನ್ನು ಹೀಗೂ ಪರೀಕ್ಷಿಸುತ್ತಾರೆ.

ತೂತು ಬಿರುಕನ್ನು ನಿಲ್ಲಿಸಲೂ ಬಲ್ಲದು. ತಗಡಿನಲ್ಲಿ ಬಿರುಕು ಓಡುತ್ತಿದ್ದರೆ ಅದರ ತುದಿಯಲ್ಲಿ ಒಂದು ದುಂಡನೆ ತೂತು ಕೊರೆಯುವುದು ವರ್ಕ್‌ಶಾಪುಗಳಲ್ಲಿ ರೂಢಿ. ಮೊನಚಾದ ತುದಿ ಹೋಗಿ ದುಂಡಗಾದ ಮೇಲೆ ಬಿಗಿತ ಒಂದೇ ಬಿಂದುವಿನಲ್ಲಿ ಗುಡ್ಡೆಯಾಗುವುದಿಲ್ಲ. ಆದರೆ ಬಿರುಕಿನ ನಿಜವಾದ ತುದಿ ಕಣ್ಣಿಗೆ ಕಾಣುವುದಕ್ಕಿಂತ ಮುಂದಿರುತ್ತದೆ. ಅದನ್ನು ಬಣ್ಣದ ದ್ರವ ಹಚ್ಚಿ ಹುಡುಕದೆ ಕೊರೆದರೆ ಪ್ರಯೋಜನವಿಲ್ಲ.

ಮತ್ತೆ ವಿದ್ಯುದಾಗಾರಕ್ಕೆ ಬರೋಣ. ಅಲ್ಲಿ ನೀರಿನ ರಭಸಕ್ಕೆ ತಿರುಗುವ ಪೆಲ್ಟನ್ ಚಕ್ರದ ಬಟ್ಟಲಿಗೆ ನೀರಿನ ಧಾರೆ ಪ್ರತಿ ಸುತ್ತಿಗೂ ಬಡಿಯುತ್ತದೆ, ವರ್ಷಕ್ಕೆ ಕೋಟಿಗಟ್ಟಲೆ ಸಲ. ಬಟ್ಟಲು ಬುಡದಲ್ಲಿ ಬಿರುಕು ಬಿಟ್ಟರೆ ವೆಲ್ಡಿಂಗ್ ಹಾಕಿ ಸರಿಮಾಡುತ್ತಾರೆ, ಆ ವೆಲ್ಡಿಂಗ್ ಹೊಸ ಎಳೆತ ತರುತ್ತದೆ. ದುರಸ್ತಿ ಮುಗಿಯಿತೆಂದು ಸಹಿ ಹಾಕುವ ಮೊದಲು ಉಳಿದ ಬಿಗಿತವನ್ನೂ ಅಳೆದು ಕಡತದಲ್ಲಿ ಬರೆದಿಡುವುದು ಖರ್ಚಲ್ಲ, ಉಳಿತಾಯ. ಎರಡು ಮಿಲಿಮೀಟರಿನ ಗಾಯವನ್ನು ಸವರಿ ನುಣುಪು ಮಾಡಬಹುದು.

ಬಂಡೆಗೂ ಇದೇ ಪ್ರಶ್ನೆ ಕೇಳುತ್ತಾರೆ! ನೆಲದಡಿ ಒಂದು ಕಿಲೋಮೀಟರ್ ಇಳಿದರೆ ಮೇಲಿನ ಬಂಡೆಯ ಭಾರವೇ ಸುಮಾರು 27 ಮೆಗಾಪಾಸ್ಕಲ್. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಲ್ಲಿ ಬಂಡೆ ಸಿಡಿದು ಎಷ್ಟೋ ಕಾರ್ಮಿಕರ ಜೀವ ಹೋಗಿದೆ. ಸುರಂಗ ತೋಡಿದಾಗ ಸುತ್ತಲಿನ ಬಿಗಿತಕ್ಕೆ ಹೋಗಲು ಜಾಗ ಸಿಕ್ಕಿದ ಪರಿಣಾಮ ಅದು. ಬಂಡೆಯ ಬಿಗಿತ ಅಳೆಯುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲೇ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿದರೂ ಆ ವಿದ್ಯೆ ಅಣೆಕಟ್ಟೆ, ಸುರಂಗಗಳಿಗೆ ಬಳಕೆಯಾಗುತ್ತಿದೆ. ವಿಧಾನ ಉಕ್ಕಿನದರ ತಿರುವುಮುರುವು. ಮೊದಲು ಸಣ್ಣ ತೂತು ಕೊರೆದು ಒಳಗೆ ಗೇಜು ಕೂರಿಸುತ್ತಾರೆ, ಆಮೇಲೆ ಅದರ ಸುತ್ತ ದೊಡ್ಡ ಉಂಗುರದಂತೆ ಕೊರೆದು, ನಡುವಿನ ಬಂಡೆಯನ್ನು ಸುತ್ತಲಿನ ಹಿಡಿತದಿಂದ ಬಿಡಿಸುತ್ತಾರೆ. ಬಿಡುಗಡೆಯಾದ ಬಂಡೆ ಎಷ್ಟು ಹಿಗ್ಗಿತೆಂದು ಗೇಜು ಹೇಳುತ್ತದೆ. ಇನ್ನೊಂದು ದಾರಿಯಲ್ಲಿ ತೂತಿನ ಒಂದು ಭಾಗವನ್ನು ಬಿರಡೆ ಹಾಕಿ ಮುಚ್ಚಿ, ನೀರನ್ನು ಒತ್ತಿ ತುಂಬಿಸಿ ಬಂಡೆಯನ್ನು ಸೀಳುತ್ತಾರೆ. ಸೀಳು ಮತ್ತೆ ಮುಚ್ಚಿಕೊಳ್ಳುವ ಒತ್ತಡವೇ ಅಲ್ಲಿನ ಕನಿಷ್ಠ ಬಿಗಿತ.

ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ ಹೊಸಂಗಡಿಯಲ್ಲಿ ವಿದ್ಯುತ್ ಆಗುವ ವಾರಾಹಿ ಕೇಂದ್ರ ಇರುವುದು ಬಂಡೆಯ ಹೊಟ್ಟೆಯೊಳಗೆ. ಅದು ಕರ್ನಾಟಕದ ಮೊದಲ ನೆಲದಡಿಯ ವಿದ್ಯುದಾಗಾರ. ಈಗ ತಲಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯೂ ನೆಲದಡಿಯ ಆಗಾರವನ್ನೇ ಕೇಳುತ್ತಿದೆ. ಸಿಂಗಳೀಕಗಳಿರುವ ಆ ಕಾಡಿನ ಪ್ರಶ್ನೆಯನ್ನು ಜನ ಎತ್ತಿರುವುದು ನ್ಯಾಯವೇ. ಬಂಡೆಯ ಪ್ರಶ್ನೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು, ಅಳತೆಯ ವರದಿ ಎಲ್ಲರ ಓದಿಗೂ ಸಿಗಬೇಕು.

ಕೊನೆಯದೊಂದು. ಬಂಡೆ ಕೊರೆದು ತೆಗೆದ ಕಂಬದಂಥ ತುಂಡುಗಳನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಭೂವಿಜ್ಞಾನಿ ಅದರಲ್ಲಿ ಮೊದಲು ಹುಡುಕುವ ಗುರುತುಗಳಲ್ಲಿ ಒಂದು: ಉದ್ದನೆಯ ತುಂಡಾಗಿ ಬರಬೇಕಿದ್ದ ಗಟ್ಟಿ ಬಂಡೆ, ಒಂದೇ ದಪ್ಪದ ಬಿಲ್ಲೆಗಳಾಗಿ ಒಡೆದು ಬಂದಿದೆಯೇ? ಬಂದಿದ್ದರೆ ಅಲ್ಲಿನ ಬಿಗಿತ ಬಂಡೆಯ ತಾಳಿಕೆಯ ಹತ್ತಿರಕ್ಕೆ ಏರಿದೆ ಎಂದರ್ಥ. ಬಿಲ್ಲೆ ತೆಳುವಾದಷ್ಟೂ ಬಿಗಿತ ಹೆಚ್ಚು.